ಎಳನೀರಿನ ಟೆಂಡರ್, ಹರಾಜಿನ ಟೆಂಡರ್

ತಿಪಟೂರಿನಲ್ಲಿ ‘ಡೆಸಿಕೇಟೆಡ್’ ಎಂಬ ಪದವನ್ನು ಕೇಳದವರು ಕಡಿಮೆ. ಹಸಿ ಕಾಯಿಯ ಚಿಪ್ಪು ಬಿಡಿಸಿ, ತಿರುಳಿಗಂಟಿದ ಕಂದು ಸಿಪ್ಪೆ ಹೆರೆದು, ತುರಿದು, ಬಿಸಿಗಾಳಿಯಲ್ಲಿ ಒಣಗಿಸಿ ಚೀಲಕ್ಕೆ ತುಂಬುವ ಪೌಡರ್ ಫ್ಯಾಕ್ಟರಿಗಳು ಊರ ಸುತ್ತಮುತ್ತ ಇವೆ. ಅವುಗಳ ಬೋರ್ಡಿನ ಮೇಲೆ, ಚೀಲದ ಮೇಲೆ, ಬಿಲ್ಲಿನ ಮೇಲೆ ಈ ಪದವಿದೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರ ದಿನಬಳಕೆಯಲ್ಲೂ ಅಪರೂಪಕ್ಕೆ ಬರುವ ಪದ ಇಲ್ಲಿ ಕಾಯಿ ಸುಲಿಯುವವರ ಬಾಯಲ್ಲೂ ಇದೆ. ಹಾಗಿದ್ದೂ ಇದೇ ಊರಿನ ಪದವೀಧರರು ಇಂಗ್ಲಿಷ್ ಪರೀಕ್ಷೆಯ ಓದುಭಾಗದಲ್ಲಿ ಬತ್ತಿಹೋದ ಸರೋವರವೊಂದಕ್ಕೆ ‘ಡೆಸಿಕೇಟೆಡ್’ ಎಂಬ ವಿಶೇಷಣ ಕಂಡರೆ ಒಂದು ಕ್ಷಣ ತಡವರಿಸಬಹುದು. ಅವರಿಗೆ ಪದ ಗೊತ್ತು, ಆದರೆ ಕೊಬ್ಬರಿ ಪುಡಿಯ ಜೊತೆಯಲ್ಲಿ ಮಾತ್ರ ಗೊತ್ತು.

ಪದ ಗೊತ್ತು ಎಂಬುದಕ್ಕೆ ಹಲವು ಮೆಟ್ಟಿಲುಗಳಿವೆ. ಕಿವಿಗೆ ಬಿದ್ದಾಗ ಗುರುತು ಹತ್ತುವುದು ಮೊದಲನೆಯದು. ಬರೆಯುವಾಗ ಒಂದು ಎಸ್, ಎರಡು ಸಿ ಎಂದು ತಪ್ಪದೆ ನೆನಪಾಗುವುದು ಇನ್ನೊಂದು. ‘ಒಣಗಿದ’ ಎಂಬರ್ಥದ ಲ್ಯಾಟಿನ್ ‘ಸಿಕ್ಕಸ್’ ಇದರ ಹೊಟ್ಟೆಯಲ್ಲಿದೆ ಎಂದು ಹೊಳೆಯುವುದು ಮತ್ತೊಂದು. ಹೊಸ ಶೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣವನ್ನು ‘ಡೆಸಿಕೆಂಟ್’ ಎನ್ನುವುದು ಏಕೆಂದು ಆಗ ತಾನಾಗಿ ತಿಳಿಯುತ್ತದೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ಪದವನ್ನು ಎಲ್ಲಿ ಬಳಸಬಾರದೆಂದು ತಿಳಿಯುವುದು. ತಂತಿಯ ಮೇಲೆ ಒಣಹಾಕಿದ ಬಟ್ಟೆಯನ್ನು ಇಂಗ್ಲಿಷಿನವರಾರೂ ಡೆಸಿಕೇಟೆಡ್ ಎನ್ನುವುದಿಲ್ಲ. ಪರೀಕ್ಷೆಯ ಓದು ಮತ್ತು ಆಲಿಸುವ ಭಾಗಗಳಿಗೆ ಕೆಳಗಿನ ಮೆಟ್ಟಿಲುಗಳು ಬಹುಮಟ್ಟಿಗೆ ಸಾಕು. ಬರವಣಿಗೆ ಮತ್ತು ಮಾತಿನ ಭಾಗಗಳಿಗೆ ಮೇಲಿನದೂ ಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಿಂದ ಓದಿಗೋ ನೌಕರಿಗೋ ಹೊರದೇಶಕ್ಕೆ ಹೊರಡುವವರು ಹೆಚ್ಚಾಗಿ ಎದುರಿಸುವ ಪರೀಕ್ಷೆಗಳು ಮೂರು. 1964ರಿಂದ ನಡೆಯುತ್ತಿರುವ ಅಮೆರಿಕದ ಟೋಫೆಲ್ ಒಂದು. 1989ರಿಂದ ಈಗಿನ ಹೆಸರಿನಲ್ಲಿರುವ ಐಇಎಲ್‌ಟಿಎಸ್ ಇನ್ನೊಂದು. ನರ್ಸಿಂಗ್, ವೈದ್ಯಕೀಯದವರಿಗೆಂದೇ ಇರುವ ಓಇಟಿ ಮೂರನೆಯದು. ಐಇಎಲ್‌ಟಿಎಸ್‌ನಲ್ಲಿ ಓದು, ಬರಹ, ಆಲಿಸುವಿಕೆ, ಮಾತು ಎಂಬ ನಾಲ್ಕು ಭಾಗಗಳಿದ್ದು, ಒಂದೊಂದಕ್ಕೂ ಒಂಬತ್ತರವರೆಗಿನ ಅಳತೆಯಲ್ಲಿ ಬ್ಯಾಂಡ್ ಕೊಡುತ್ತಾರೆ. ಬರಹವನ್ನೂ ಮಾತನ್ನೂ ತೂಗಲು ನಾಲ್ಕು ನಾಲ್ಕು ಮಾನದಂಡಗಳಿವೆ, ಎಲ್ಲಕ್ಕೂ ಸಮಾನ ತೂಕ. ಎರಡೂ ಕಡೆ ಇರುವ ಒಂದು ಮಾನದಂಡ ‘ಲೆಕ್ಸಿಕಲ್ ರಿಸೋರ್ಸ್’, ಅಂದರೆ ಪದಸಂಪತ್ತು. ಹೀಗೆ ಬರಹ ಮತ್ತು ಮಾತಿನ ಅಂಕದಲ್ಲಿ ಕಾಲುಭಾಗ ನೇರವಾಗಿ ಪದಗಳಿಗೆ ಹೋಗುತ್ತದೆ.

ಈ ಕಾಲುಭಾಗವೇ ಪದಪಟ್ಟಿಗಳ ವ್ಯಾಪಾರಕ್ಕೆ ಬಂಡವಾಳ. ಸಾವಿರ ‘ಹೈ ಲೆವೆಲ್’ ಪದಗಳು, ಅವುಗಳ ಮುಂದೆ ಒಂದೊಂದು ಕನ್ನಡ ಅರ್ಥ, ಒಂದು ತಿಂಗಳ ಗಡುವು: ಇಂಥ ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುತ್ತವೆ. ಅವುಗಳಿಂದ ಆಗುವ ನಷ್ಟ ಲಾಭಕ್ಕಿಂತ ಹೆಚ್ಚು. ಅದಕ್ಕೆ ಕಾರಣಗಳು ಭಾಷಾವಿಜ್ಞಾನದಲ್ಲೂ ಇವೆ, ನೆನಪಿನ ಮನೋವಿಜ್ಞಾನದಲ್ಲೂ ಇವೆ.

ಮೊದಲು ಎಣಿಕೆ. ಯಾವುದೇ ಭಾಷೆಯಲ್ಲಿ ಕೆಲವೇ ಪದಗಳು ಹೆಚ್ಚಿನ ದುಡಿಮೆ ಮಾಡುತ್ತವೆ, ಉಳಿದ ಲಕ್ಷಾಂತರ ಪದಗಳು ಹಬ್ಬದ ಪಾತ್ರೆಗಳಂತೆ ಅಟ್ಟದ ಮೇಲಿರುತ್ತವೆ. ಇಂಗ್ಲಿಷಿನ ದುಡಿಯುವ ಪದಗಳನ್ನು ಕಲಿಯುವವರಿಗಾಗಿ ಹೆಕ್ಕಿ ಕೊಟ್ಟವರಲ್ಲಿ ಮೈಕೆಲ್ ವೆಸ್ಟ್ ಪ್ರಮುಖರು. ಅವರು ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸಿದವರು. ಬಂಗಾಳದ ಮಕ್ಕಳು ಇಂಗ್ಲಿಷ್ ಪಠ್ಯ ಓದಲು ಪಡುವ ಪಾಡನ್ನು ಕಣ್ಣಾರೆ ಕಂಡವರು. 1953ರಲ್ಲಿ ಬಂದ ಅವರ ಪಟ್ಟಿಯಲ್ಲಿರುವುದು ಸುಮಾರು 2,000 ಪದಗಳು. ವಿಶ್ವವಿದ್ಯಾಲಯದ ಮಟ್ಟದ ಬರಹದಲ್ಲೂ ಮುಕ್ಕಾಲು ಭಾಗ ಈ ಎರಡು ಸಾವಿರದ್ದೇ. 2000ದಲ್ಲಿ ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಸುಮಾರು 35 ಲಕ್ಷ ಪದಗಳಷ್ಟು ಶೈಕ್ಷಣಿಕ ಬರಹವನ್ನು ಜಾಲಾಡಿ, ವೆಸ್ಟ್ ಪಟ್ಟಿಯಲ್ಲಿಲ್ಲದ, ಎಲ್ಲ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಆರಿಸಿದರು. ಅನಲೈಸ್, ಸಿಗ್ನಿಫಿಕೆಂಟ್, ಡಿರೈವ್, ಸಸ್ಟೇನ್ ಇವೆಲ್ಲ ಅದರಲ್ಲಿವೆ. ಕೇವಲ 570 ಕುಟುಂಬಗಳು ಅಂಥ ಬರಹದ ಶೇ. 10ರಷ್ಟನ್ನು ಆವರಿಸುತ್ತವೆ.

ಪದಕುಟುಂಬ ಎಂದರೆ ಒಂದು ಬೇರಿನಿಂದ ಚಿಗುರಿದವೆಲ್ಲ: ಯೀಲ್ಡ್, ಯೀಲ್ಡ್ಸ್, ಯೀಲ್ಡೆಡ್, ಯೀಲ್ಡಿಂಗ್ ಸೇರಿ ಒಂದೇ ಮನೆ. ಪತ್ರಿಕೆ, ಕಾದಂಬರಿಗಳಂಥ ಬರಹವನ್ನು ನಿಘಂಟಿನ ಹಂಗಿಲ್ಲದೆ ಓದಲು ನೂರಕ್ಕೆ 98 ಪದಗಳಾದರೂ ಗೊತ್ತಿರಬೇಕು, ಅದಕ್ಕೆ 8,000ದಿಂದ 9,000 ಪದಕುಟುಂಬಗಳು ಬೇಕು ಎಂದು ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ಆಡುಮಾತಿಗೆ ಆರೇಳು ಸಾವಿರ ಸಾಕು. ನಾಲ್ಕು ಸಾವಿರ ಬಲ್ಲವರು ದಿನಕ್ಕೆ ಹತ್ತರಂತೆ ಕಲಿತು ಒಂದನ್ನೂ ಮರೆಯದಿದ್ದರೂ ಎಂಟು ಸಾವಿರ ಮುಟ್ಟಲು 400 ದಿನ ಹಿಡಿಯುತ್ತದೆ. ಮರೆವು ಇದ್ದೇ ಇದೆ. ಆದ್ದರಿಂದ ಯಾವುದನ್ನು ಮೊದಲು ಕಲಿಯಬೇಕು ಎಂಬ ಆಯ್ಕೆಯೇ ಅರ್ಧ ಕೆಲಸ. ಕಾಕ್ಸ್‌ಹೆಡ್ ಪಟ್ಟಿ ಮುಗಿಯುವ ಮೊದಲೇ ‘ಸೆಸ್‌ಕ್ವಿಪೆಡೇಲಿಯನ್’ನಂಥ ಪದಕ್ಕೆ ಕೈಹಾಕುವುದು ಬೇಲಿ ಹಾಕದೆ ಗೇಟು ನಿಲ್ಲಿಸಿದ ಹಾಗೆ.

ಕಷ್ಟದ ಪದವೆಂದರೆ ಉದ್ದನೆಯ ಪದ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಓದುಭಾಗದಲ್ಲಿ ಎಡವಿಸುವುದು ಎಷ್ಟೋ ಸಲ ಸಣ್ಣ, ಪರಿಚಿತ ಪದಗಳೇ. ಅದಕ್ಕೆ ಕೊಬ್ಬರಿ ಸೀಮೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ರಸ್ತೆ ಬದಿಯಲ್ಲಿ ಮಾರುವುದು ‘ಟೆಂಡರ್ ಕೋಕೊನಟ್’. ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿಗೆ ಬೆಲೆ ಕಟ್ಟುವುದು ‘ಇ-ಟೆಂಡರ್’. ಎಳನೀರಿನ ಟೆಂಡರ್ ಎಳೆಯದು, ಮೆತ್ತನೆಯದು ಎಂಬರ್ಥದ ಲ್ಯಾಟಿನ್ ‘ಟೆನರ್’ ಮೂಲದ್ದು. ಮಾರುಕಟ್ಟೆಯ ಟೆಂಡರ್ ಮುಂದೆ ಚಾಚು, ಒಪ್ಪಿಸು ಎಂಬರ್ಥದ ‘ಟೆಂಡೆರೆ’ಯಿಂದ ಬಂದದ್ದು. ರಾಜೀನಾಮೆಯನ್ನು ಟೆಂಡರ್ ಮಾಡುವುದು, ನೋಟನ್ನು ಲೀಗಲ್ ಟೆಂಡರ್ ಎನ್ನುವುದು ಎರಡನೆಯದರ ಸಂತಾನ. ಗಾಯ ಮುಟ್ಟಿದರೆ ನೋಯುವಂತಿದ್ದಾಗ ಟೆಂಡರ್ ಎನ್ನುವುದು ಮೊದಲನೆಯದರದ್ದು.

‘ಯೀಲ್ಡ್’ ಕೂಡ ಹಾಗೆಯೇ. ಕೃಷಿ ಇಲಾಖೆಯ ಕೈಪಿಡಿಯಲ್ಲಿ ಅದು ಇಳುವರಿ. ರಸ್ತೆ ಫಲಕದಲ್ಲಿ ದಾರಿ ಬಿಡು ಎಂಬ ಸೂಚನೆ. ಯುದ್ಧದ ಕಥೆಯಲ್ಲಿ ಶರಣಾಗು. ಬ್ಯಾಂಕಿನವರ ಬಾಯಲ್ಲಿ ಹೂಡಿಕೆಯ ಆದಾಯ. ಮರ ಫಲ ಬಿಟ್ಟುಕೊಡುತ್ತದೆ, ಸೋತವನು ಕೋಟೆ ಬಿಟ್ಟುಕೊಡುತ್ತಾನೆ. ‘ಬಿಟ್ಟುಕೊಡು’ ಎಂಬ ಒಂದು ಕನ್ನಡ ಕ್ರಿಯಾಪದ ಕೈಗೆ ಸಿಕ್ಕರೆ ನಾಲ್ಕು ಅರ್ಥಗಳೂ ಒಂದೇ ಗೊನೆಯಲ್ಲಿ ನಿಲ್ಲುತ್ತವೆ. ಪಟ್ಟಿ ಪುಸ್ತಕ ಒಂದು ಅರ್ಥವನ್ನು ಕೊಟ್ಟು ಮುಂದೆ ಹೋಗಿಬಿಡುತ್ತದೆ.

ಕನ್ನಡಿಗರಿಗೆ ಈ ದಾರಿಯಲ್ಲಿ ಹುಟ್ಟಿನಿಂದ ಬಂದ ಒಂದು ಆಸ್ತಿ ಇದೆ. ಅದನ್ನು ಬಳಸುವವರು ವಿರಳ. ಇಂಗ್ಲಿಷಿನ ಮನೆಮಾತಿನ ಪದಗಳು ಜರ್ಮಾನಿಕ್ ಮೂಲದವು, ಪಾಂಡಿತ್ಯದ ಪದಗಳು ಬಹುಪಾಲು ಲ್ಯಾಟಿನ್, ಗ್ರೀಕ್ ಮೂಲದವು. ಕನ್ನಡದಲ್ಲೂ ಮನೆಮಾತು ದ್ರಾವಿಡ, ಗಂಭೀರ ಬರಹದ ಹೆಚ್ಚಿನ ಪದಗಳು ಸಂಸ್ಕೃತದವು. ಕುಡಿಯುವುದು ನೀರು, ಕಟ್ಟೆಯ ಹಿಂದೆ ನಿಲ್ಲುವುದು ಜಲಾಶಯ. ಕೀಳಿಸುವುದು ಹಲ್ಲು, ಕೀಳುವವರು ದಂತವೈದ್ಯರು. ಇಂಗ್ಲಿಷಿನಲ್ಲೂ ‘ಟೂತ್’ ಕೀಳುವವರು ‘ಡೆಂಟಿಸ್ಟ್’. ಯಾವ ಸಂದರ್ಭಕ್ಕೆ ಯಾವ ಪದರದ ಪದ ಎಂಬ ವಿವೇಕ ಕನ್ನಡ ಬರೆಯಬಲ್ಲವರಲ್ಲಿ ಆಗಲೇ ಇದೆ. ‘ಅಜ್ಜಿ ಜಲ ಪ್ರಾಶನ ಮಾಡಿದರು’ ಎಂದು ಬರೆದರೆ ನಗು ಬರುತ್ತದಲ್ಲ, ಅಂಥದೇ ನಗು ಪರೀಕ್ಷಕರಿಗೆ ಕೆಲವು ಉತ್ತರಗಳನ್ನು ಓದುವಾಗ ಬರುತ್ತದೆ.

ದಂತ ಮತ್ತು ಡೆಂಟಿಸ್ಟ್ ಹೋಲುವುದು ಆಕಸ್ಮಿಕವಲ್ಲ. ಸಂಸ್ಕೃತ, ಲ್ಯಾಟಿನ್, ಗ್ರೀಕ್ ಒಂದೇ ಇಂಡೋ-ಯುರೋಪಿಯನ್ ಕುಟುಂಬದವು. ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದ ಅಗ್ನಿ ಲ್ಯಾಟಿನ್ನಿನಲ್ಲಿ ‘ಇಗ್ನಿಸ್’, ಅದರಿಂದ ‘ಇಗ್ನೈಟ್’. ನಾವೆಗೆ ಸರಿಯಾಗಿ ‘ನೇವಲ್’, ಯುವಕ್ಕೆ ‘ಜುವೆನೈಲ್’, ಸರ್ಪಕ್ಕೆ ‘ಸರ್ಪೆಂಟ್’, ದಾನಕ್ಕೆ ‘ಡೋನರ್’, ವಾಕ್ಕಿಗೆ ‘ವೋಕಲ್’, ಮೃತಕ್ಕೆ ‘ಮಾರ್ಟಲ್’, ಭ್ರಾತೃವಿಗೆ ‘ಫ್ರೆಟರ್ನಲ್’. ಉಪಸರ್ಗಗಳೂ ನಂಟರೇ: ಪರಿಧಿಯ ಪರಿ, ‘ಪೆರಿಮೀಟರ್’ನ ಪೆರಿ, ಅನಾಮಿಕದ ಅ, ‘ಅನಾನಿಮಸ್’ನ ಅನ್. ಚಿಕ್ಕನಾಯಕನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ತತ್ಸಮ, ತದ್ಭವ ಉರುಹೊಡೆದವರಿಗೆ ಈ ಜೋಡಿಗಳು ಬೇಗ ಹಿಡಿಯುತ್ತವೆ.

ಸಾಲ ಹಿಮ್ಮುಖವಾಗಿಯೂ ನಡೆದಿದೆ. ಇಂಗ್ಲಿಷಿನ ‘ಕೊಪ್ರಾ’ ಮಲಯಾಳಂನಿಂದ ಪೋರ್ಚುಗೀಸರ ಬಾಯಿಗೆ ಬಂದು ಅಲ್ಲಿಂದ ಹೋದದ್ದು. ನಮ್ಮ ಕೊಬ್ಬರಿಯ ಒಡಹುಟ್ಟು. ನಾರಿನ ‘ಕಾಯರ್’ ಕೂಡ ಮಲಯಾಳಂ ಮೂಲದ್ದೇ. ‘ಕೋಕೊನಟ್’ನ ‘ಕೋಕೋ’ ಮಾತ್ರ ಐಬೀರಿಯದ್ದು. ಚಿಪ್ಪಿನ ಮೂರು ಕಣ್ಣು ನೋಡಿ ಹಲ್ಲು ಕಿರಿದ ಮುಖವೆಂದು ಅಲ್ಲಿಯ ನಾವಿಕರು ಇಟ್ಟ ಹೆಸರು.

ಇನ್ನು ನೆನಪು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಬೇರೆ ಬೇರೆ ಅಂತರದ ನಂತರ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆಂದು ಅಳೆದು ಪ್ರಕಟಿಸಿದರು. ಒಂದು ಗಂಟೆಯ ಬಳಿಕ ಉಳಿದದ್ದು ಶೇ. 44, ಒಂದು ದಿನದ ಬಳಿಕ ಶೇ. 34, ಒಂದು ತಿಂಗಳ ಬಳಿಕ ಶೇ. 21. ಮರೆವು ಮೊದಲ ದಿನವೇ ಬಹುಪಾಲು ಕೊಳ್ಳೆ ಹೊಡೆದು, ಆಮೇಲೆ ನಿಧಾನವಾಗುತ್ತದೆ. ಪರೀಕ್ಷೆಯ ಹಿಂದಿನ ವಾರ ಇಡೀ ರಾತ್ರಿ ಕೂತು ಕಲಿತ ಪದಗಳ ಗತಿ ಇದರಿಂದ ಗೊತ್ತಾಗುತ್ತದೆ.

ಇದಕ್ಕೆ ಮದ್ದು ಮತ್ತೆ ಮತ್ತೆ ಓದುವುದು ಎಂದು ಬಹುಮಂದಿ ತಿಳಿದಿದ್ದಾರೆ. ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ತಲೆಕೆಳಗು ಮಾಡಿತು. ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನೂ ಅವುಗಳ ಇಂಗ್ಲಿಷ್ ಅರ್ಥವನ್ನೂ ಕಲಿಸಲಾಯಿತು. ಒಂದು ಪದ ಒಮ್ಮೆ ಬಂದ ಮೇಲೆ ಕೆಲವರು ಅದನ್ನು ಮತ್ತೆ ಮತ್ತೆ ಓದಿದರು, ಆದರೆ ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ. ಇನ್ನು ಕೆಲವರು ಮತ್ತೆ ಓದಲೇ ಇಲ್ಲ, ತಮ್ಮನ್ನು ತಾವು ಕೇಳಿಕೊಂಡು ನೆನಪಿಸಿಕೊಂಡರು. ವಾರದ ಬಳಿಕ ಓದಿದವರಿಗೆ ನೆನಪಿದ್ದದ್ದು ಮೂರರಲ್ಲೊಂದು ಭಾಗ ಚಿಲ್ಲರೆ, ನೆನಪಿಸಿಕೊಂಡವರಿಗೆ ಶೇ. 80ರಷ್ಟು. ವಿಚಿತ್ರವೆಂದರೆ, ಎಷ್ಟು ನೆನಪಿರುತ್ತದೆ ಎಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಅರ್ಧದಷ್ಟು ಎಂದೇ ಅಂದಾಜು ಮಾಡಿದ್ದರು. ಕಲಿತೆವು ಎಂಬ ಭಾವನೆಗೂ ಕಲಿಕೆಗೂ ಸಂಬಂಧ ಅಷ್ಟಕ್ಕಷ್ಟೇ.

ಹಾಗಾದರೆ ಪದದ ಅರ್ಥವನ್ನು ಕೈಯಿಂದ ಮುಚ್ಚಿ, ಮನಸ್ಸಿನಿಂದ ಎಳೆದು ತರುವುದೇ ಅಭ್ಯಾಸ. ಆ ಎಳೆತ ಸ್ವಲ್ಪ ಕಷ್ಟವೂ ಆಗಬೇಕು. ಕಲಿತ ಐದು ನಿಮಿಷಕ್ಕೇ ಕೇಳಿಕೊಂಡರೆ ಲಾಭ ಕಡಿಮೆ, ಮರೆಯುವ ಅಂಚಿನಲ್ಲಿ ಕೇಳಿಕೊಂಡರೆ ಹೆಚ್ಚು. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಇದಕ್ಕೊಂದು ಸರಳ ಪೆಟ್ಟಿಗೆ ಸೂಚಿಸಿದರು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಖಾಲಿ ಬದಿಯಲ್ಲಿ ಪದ ಬರೆದರೂ ಸಾಕು. ಪೆಟ್ಟಿಗೆಯಲ್ಲಿ ಐದು ಮನೆ: ಮೊದಲ ಮನೆಯ ಚೀಟಿಗಳನ್ನು ದಿನವೂ, ಮುಂದಿನ ಮನೆಗಳದನ್ನು ಹೆಚ್ಚು ಹೆಚ್ಚು ದಿನ ಬಿಟ್ಟು ನೋಡಬೇಕು. ಸರಿ ಹೇಳಿದರೆ ಚೀಟಿ ಮುಂದಿನ ಮನೆಗೆ, ತಪ್ಪಿದರೆ ಮತ್ತೆ ಮೊದಲ ಮನೆಗೆ. 2006ರಲ್ಲಿ ಬಂದ ‘ಆಂಕಿ’ ಎಂಬ ತಂತ್ರಾಂಶ ಇಂಥದೇ ಲೆಕ್ಕವನ್ನು ಮೊಬೈಲಿನಲ್ಲಿ ತಾನೇ ಮಾಡುತ್ತದೆ.

ಈ ಸೀಮೆಯವರಿಗೆ ಇಂಥ ಅಂತರದ ಲೆಕ್ಕ ಹೊಸತಲ್ಲ. ಉಂಡೆ ಕೊಬ್ಬರಿಗೆಂದು ಇಟ್ಟ ಕಾಯಿ ಮಟ್ಟೆಯ ಸಮೇತ ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಇರುತ್ತದೆ. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಅಲುಗಾಡಿದಾಗ ಸದ್ದು ಬರುತ್ತದೆ. ಅವಸರಕ್ಕೆ ಪೌಡರ್ ಫ್ಯಾಕ್ಟರಿ ಇದೆ, ಅದು ಬೇರೆ ಮಾಲು.

ನೆನಪಿಗೆ ಕೊಕ್ಕೆ ಹಾಕುವ ಇನ್ನೊಂದು ವಿಧಾನವನ್ನು ರಿಚರ್ಡ್ ಅಟ್ಕಿನ್‌ಸನ್ ಮತ್ತು ಮೈಕೆಲ್ ರಾ 1975ರಲ್ಲಿ ಪರೀಕ್ಷಿಸಿದರು. ಹೊಸ ಪದದ ಸದ್ದನ್ನು ಹೋಲುವ ತಾಯ್ನುಡಿಯ ಪದವೊಂದನ್ನು ಹುಡುಕಿ, ಎರಡನ್ನೂ ಒಂದೇ ಚಿತ್ರದಲ್ಲಿ ಕಟ್ಟುವುದು ಆ ವಿಧಾನ. 120 ರಷ್ಯನ್ ಪದಗಳಲ್ಲಿ ಹೀಗೆ ಕಲಿತವರಿಗೆ ಶೇ. 72 ನೆನಪಿದ್ದರೆ, ಉಳಿದವರಿಗೆ ಶೇ. 46. ಕನ್ನಡದಲ್ಲಿ ಕೊಕ್ಕೆಗಳಿಗೆ ಬರವಿಲ್ಲ. ‘ಆರಿಡ್’ ಎಂದರೆ ಶುಷ್ಕ: ಆರಿದ ನೆಲ. ‘ಕ್ಯಾಂಡಿಡ್’ ಎಂದರೆ ಮುಚ್ಚುಮರೆಯಿಲ್ಲದ: ಕಂಡಿದ್ದನ್ನು ಕಂಡ ಹಾಗೇ ಹೇಳುವುದು. ‘ಆಟಿಕ್’ ಎಂದರೆ ಅಟ್ಟವೇ. ಇವು ಅಗ್ನಿ-ಇಗ್ನೈಟ್‌ನಂತೆ ರಕ್ತಸಂಬಂಧವಲ್ಲ, ಬರೀ ಕಾಕತಾಳೀಯ. ‘ಆಟಿಕ್’ ಗ್ರೀಸಿನ ಆಟಿಕಾ ಪ್ರಾಂತ್ಯದ ಹೆಸರಿನಿಂದ ಬಂದದ್ದು. ಕೊಕ್ಕೆಗೆ ವಂಶಾವಳಿ ಬೇಕಿಲ್ಲ. ಆದರೆ ಕೊಕ್ಕೆ ಅರ್ಥವನ್ನಷ್ಟೇ ಹಿಡಿದುಕೊಡುತ್ತದೆ, ಬಳಕೆಯನ್ನಲ್ಲ.

ಒಂದು ಎಚ್ಚರಿಕೆಯೂ ಇಲ್ಲಿ ಸೇರಬೇಕು. ಹೋಲುವ ಅರ್ಥದ ಪದಗಳನ್ನು ಒಂದೇ ದಿನ ಗುಂಪಾಗಿ ಕಲಿತರೆ ಅವು ಒಂದಕ್ಕೊಂದು ಅಡ್ಡ ಬರುತ್ತವೆ ಎಂದು 1990ರ ದಶಕದ ಥಾಮಸ್ ಟಿಂಕಮ್ ಅವರ ಪ್ರಯೋಗಗಳು ತೋರಿಸಿದವು. ಆರಿಡ್, ಪಾರ್ಚ್ಡ್, ಡೆಸಿಕೇಟೆಡ್ ಮೂರನ್ನೂ ಒಂದೇ ಸಂಜೆ ‘ಒಣ’ ಎಂಬ ತಲೆಬರಹದಡಿ ಬರೆದುಕೊಳ್ಳುವುದು ಅಚ್ಚುಕಟ್ಟಾಗಿ ಕಾಣುತ್ತದೆ. ನೆನಪಿಗೆ ಮಾತ್ರ ಅದು ಗೋಜಲು. ಒಂದು ಗಟ್ಟಿಯಾದ ಮೇಲೆ ಇನ್ನೊಂದು ಬರಲಿ.

ಬಳಕೆಯ ಹೃದಯ ಇರುವುದು ಪದಗಳ ಜೊತೆಗಾರಿಕೆಯಲ್ಲಿ. ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1950ರ ದಶಕದಲ್ಲಿ ಇದಕ್ಕೆ ‘ಕಾಲೊಕೇಶನ್’ ಎಂಬ ಹೆಸರನ್ನು ನೆಲೆಗೊಳಿಸಿದರು. ತೋಟದ ಮಾತೇ ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಯಿಯನ್ನು ಕೀಳುತ್ತಾರೆ, ಮಟ್ಟೆಯನ್ನು ಸುಲಿಯುತ್ತಾರೆ, ಎಳನೀರನ್ನು ಕೆತ್ತುತ್ತಾರೆ, ದೇವರ ಮುಂದೆ ಕಾಯಿ ಒಡೆಯುತ್ತಾರೆ. ‘ಎಳನೀರು ಒಡೆದು ಕೊಡಿ’ ಎಂದವರು ಹೊರಗಿನವರೆಂದು ಮಾರುವವನಿಗೆ ತಕ್ಷಣ ತಿಳಿಯುತ್ತದೆ. ವ್ಯಾಕರಣ ಸರಿಯಾಗಿದೆ, ಅರ್ಥವೂ ಆಗುತ್ತದೆ, ಜೊತೆ ತಪ್ಪಿದೆ. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ನಿದ್ದೆ ‘ಡೀಪ್’. ನಿರ್ಧಾರವನ್ನು ‘ಮೇಕ್’, ಸಂಶೋಧನೆಯನ್ನು ‘ಕಂಡಕ್ಟ್’, ಅಪರಾಧವನ್ನು ‘ಕಮಿಟ್’. ಕನ್ನಡದ ‘ಮಾಡು’ ಇವೆಲ್ಲಕ್ಕೂ ಸಲ್ಲುವುದರಿಂದ ಕನ್ನಡಿಗರ ಇಂಗ್ಲಿಷಿನಲ್ಲಿ ‘ಡೂ’ ಮಿತಿಮೀರಿ ನುಗ್ಗುತ್ತದೆ. ಐಇಎಲ್‌ಟಿಎಸ್‌ನ ಏಳನೆಯ ಬ್ಯಾಂಡಿನ ವಿವರಣೆಯಲ್ಲಿ ಅಷ್ಟು ಸಾಮಾನ್ಯವಲ್ಲದ ಪದಗಳ ಬಳಕೆಯ ಜೊತೆಗೆ ಶೈಲಿ ಮತ್ತು ಕಾಲೊಕೇಶನ್ನಿನ ಅರಿವನ್ನೂ ಕೇಳಿರುವುದು ಇದಕ್ಕಾಗಿಯೇ. ಪ್ರಬಂಧದ ಪ್ರತಿ ಸಾಲಿಗೂ ‘ಪ್ಲೆಥೊರಾ’, ‘ಮಿರಿಯಡ್’ ತುರುಕಿದವರು ಅಪರೂಪದ ಪದದ ಅಂಕ ಗಳಿಸುವ ಬದಲು ಜೊತೆ ತಪ್ಪಿದ್ದಕ್ಕೆ ಕಳೆದುಕೊಳ್ಳುತ್ತಾರೆ.

ಕನ್ನಡದೊಳಗೆ ಬಂದು ನೆಲೆಸಿದ ಇಂಗ್ಲಿಷ್ ಪದಗಳು ಇನ್ನೊಂದು ಬಲೆ. ಇಲ್ಲಿ ‘ಕರೆಂಟ್’ ಹೋಗುತ್ತದೆ, ಅಲ್ಲಿ ‘ಪವರ್’. ಇಲ್ಲಿ ‘ಹೋಟೆಲ್’ ಇಡ್ಲಿ ತಿನ್ನುವ ಜಾಗ, ಅಲ್ಲಿ ತಂಗುವ ಜಾಗ. ತರಗತಿಯಲ್ಲಿ ‘ಡೌಟ್’ ಇದೆ ಎಂದರೆ ಇಲ್ಲಿ ಪ್ರಶ್ನೆ ಇದೆ ಎಂದು, ಅಲ್ಲಿ ಹೇಳಿದ್ದರ ಮೇಲೆ ನಂಬಿಕೆ ಇಲ್ಲ ಎಂದು. ಇವು ತಪ್ಪು ಪದಗಳಲ್ಲ, ಕನ್ನಡದ ಪೌರತ್ವ ಪಡೆದ ಪದಗಳು. ಪರೀಕ್ಷೆಯ ದಿನ ಮಾತ್ರ ಹಳೆಯ ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ.

ಎರಡು ಭಾಷೆಗಳ ಪದಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಇಬ್ಬರು ದೊಡ್ಡವರು ಈ ಸೀಮೆಯಲ್ಲೇ ಹುಟ್ಟಿದವರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಜನಿಸಿದರು. ತೀ. ನಂ. ಶ್ರೀಕಂಠಯ್ಯನವರು 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ‘ರಾಷ್ಟ್ರಪತಿ’ ಪದ ಸೂಚಿಸಿದವರೆಂದು ತೀನಂಶ್ರೀಯವರ ಹೆಸರು ಹೇಳುತ್ತಾರೆ. ಆ ಪದದಲ್ಲಿ ಪದಕಲಿಕೆಯ ಒಂದು ಸೂಕ್ಷ್ಮ ಅಡಗಿದೆ. ಹಾಲಿನ ಸೊಸೈಟಿಯ ‘ಪ್ರೆಸಿಡೆಂಟ್’ ಅಧ್ಯಕ್ಷರು, ದೇಶದ ‘ಪ್ರೆಸಿಡೆಂಟ್’ ರಾಷ್ಟ್ರಪತಿ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ ಒಂದೇ ಪದ ಎಂಬ ಸಮೀಕರಣ ಅಲ್ಲಿ ಮುರಿಯುತ್ತದೆ. ಪಟ್ಟಿ ಪುಸ್ತಕ ನಿಂತಿರುವುದು ಅದೇ ಸಮೀಕರಣದ ಮೇಲೆ.

ಹೊಸ ಪದಗಳನ್ನು ಬಳಕೆಗೆ ತರಲು ಅಭ್ಯರ್ಥಿಗಳು ದೂರದ ವಿಷಯ ಹುಡುಕಬೇಕಿಲ್ಲ. ಐಇಎಲ್‌ಟಿಎಸ್ ಅಕಾಡೆಮಿಕ್ ಬರಹದ ಮೊದಲ ಪ್ರಶ್ನೆಯಲ್ಲಿ ಕೆಲವೊಮ್ಮೆ ಒಂದು ವಸ್ತು ತಯಾರಾಗುವ ಕ್ರಮದ ಚಿತ್ರ ಕೊಟ್ಟು ಕನಿಷ್ಠ 150 ಪದಗಳಲ್ಲಿ ವಿವರಿಸಲು ಹೇಳುತ್ತಾರೆ. ಅಟ್ಟಕ್ಕೆ ಏರಿದ ಕಾಯಿ ಗಿಟುಕಾಗಿ ಎಪಿಎಂಸಿ ಸೇರುವವರೆಗಿನದು ಅದಕ್ಕೆ ಹೇಳಿ ಮಾಡಿಸಿದ ವಸ್ತು. ಹಸ್ಕ್, ಶೆಲ್, ಕರ್ನಲ್, ಫ್ರಾಂಡ್, ಸ್ಟೋರ್, ಡಿಟ್ಯಾಚ್, ಗ್ರೇಡ್: ಬೇಕಾದ ಪದಗಳೆಲ್ಲ ಎದುರಿನ ವಸ್ತುವಿಗೇ ಅಂಟಿಕೊಂಡಿರುತ್ತವೆ. ಕಾಯಿಯನ್ನು ಯಾರು ಒಣಗಿಸಿದರು ಎನ್ನುವುದಕ್ಕಿಂತ ಕಾಯಿ ಒಣಗಿಸಲ್ಪಡುತ್ತದೆ ಎನ್ನುವ ಕರ್ಮಣಿ ಪ್ರಯೋಗ ಅಲ್ಲಿ ಸಲೀಸು. ಕನ್ನಡದಲ್ಲಿ ಕಿವಿಗೆ ಒರಟಾದದ್ದು ಇಂಗ್ಲಿಷಿನ ಅಂಥ ಬರಹದಲ್ಲಿ ಸಹಜ ನಡೆ. ಬರೆದದ್ದನ್ನು ವಾರ ಬಿಟ್ಟು, ಹಳೆಯದನ್ನು ನೋಡದೆ ಮತ್ತೆ ಬರೆದರೆ ಪದಗಳನ್ನು ಎಳೆದು ತರುವ ಕೆಲಸವೂ ಆಗುತ್ತದೆ.

ಸಮಯದ ಲೆಕ್ಕ ಕಡೆಯದು. ಸೊನ್ನೆಯಿಂದಲ್ಲ, ಪಿಯುಸಿ ಮಟ್ಟದ ಇಂಗ್ಲಿಷಿನಿಂದ ಹೊರಟವರು ದಿನಕ್ಕೆ ಐದು ಪದಕುಟುಂಬಗಳನ್ನು ಜೊತೆಗಾರ ಪದಗಳ ಸಮೇತ ಕಲಿತರೆ ಕಾಕ್ಸ್‌ಹೆಡ್‌ನ 570 ಮುಗಿಯಲು ನಾಲ್ಕು ತಿಂಗಳು ಸಾಕು. ಅವು ಲೈಟ್ನರನ ಕೊನೆಯ ಮನೆ ತಲುಪಲು ಇನ್ನೂ ಅಷ್ಟೇ ಬೇಕು. ಹಾಗಾಗಿ ಪರೀಕ್ಷೆಗೆ ಹಣ ಕಟ್ಟುವ ಎಂಟು ಹತ್ತು ತಿಂಗಳ ಮೊದಲೇ ಚೀಟಿ ಬರೆಯಲು ಕೂರುವುದು ಒಳ್ಳೆಯದು. ತೀರಾ ಮೊದಲೇ ಪರೀಕ್ಷೆ ಬರೆದು ಅಂಕ ಕೂಡಿಟ್ಟುಕೊಳ್ಳುವ ಹಾಗೂ ಇಲ್ಲ: ಐಇಎಲ್‌ಟಿಎಸ್, ಟೋಫೆಲ್ ಎರಡರ ಫಲಿತಾಂಶವೂ ಎರಡೇ ವರ್ಷ ಚಾಲ್ತಿಯಲ್ಲಿರುತ್ತದೆ.